ಪತ್ರ ನೋಡಿದರೆ ಸಾಲದು, ಗೋಡೆಯನ್ನೂ ನೋಡಬೇಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಬೇರೆಯವರು ಕಟ್ಟಿದ ಮನೆಯನ್ನು ಕೊಂಡು ನೋಡುವ ಪ್ರಸಂಗ ಹೆಚ್ಚಿನವರಿಗೆ ಬರುತ್ತಿರಲಿಲ್ಲ. ಇಂದು ಬೆಂಗಳೂರಿನ ಮಧ್ಯಮ ವರ್ಗದ ಪಾಲಿಗೆ ಅದೇ ಬದುಕಿನ ಅತಿ ದೊಡ್ಡ ವ್ಯವಹಾರ. ಭವಿಷ್ಯ ನಿಧಿ, ನಿವೃತ್ತಿಯ ಉಪದಾನ, ಊರಿನ ಜಮೀನು ಮಾರಿದ ಹಣ, ಇವೆಲ್ಲದರ ಮೇಲೆ ಇಪ್ಪತ್ತು ವರ್ಷಗಳ ಸಾಲ, ಎಲ್ಲವೂ ಒಂದೇ ಕ್ರಯಪತ್ರದಲ್ಲಿ ಕರಗಿ ಹೋಗುತ್ತವೆ. ಮಡಕೆ ಕೊಳ್ಳುವಾಗಲೂ ಬೆರಳಿನಿಂದ ತಟ್ಟಿ ಸದ್ದು ಕೇಳುವ ನಾವು, ಹಳೆಯ ಸ್ಕೂಟರ್ ಕೊಳ್ಳುವಾಗ ಪರಿಚಯದ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದೊಯ್ಯುವ ನಾವು, ಕೋಟಿ ರೂಪಾಯಿಯ ಮನೆಯನ್ನು ಮಾತ್ರ ಎರಡು ಸಲ ಸುತ್ತು ಹಾಕಿ, ಅಡುಗೆಮನೆಯ ಕಪಾಟು ತೆರೆದು ನೋಡಿ, ಮುಂಗಡ ಕೊಟ್ಟು ಬರುತ್ತೇವೆ.

ನಾವು ಎಚ್ಚರ ವಹಿಸುವುದೇ ಇಲ್ಲ ಎಂದು ಹೇಳಲಾಗದು. ಪತ್ರಗಳ ವಿಷಯದಲ್ಲಿ ನಮ್ಮ ಜಾಗರೂಕತೆ ಮೆಚ್ಚತಕ್ಕದ್ದೇ. ಮೂವತ್ತು ವರ್ಷಗಳ ಋಣಭಾರ ಪತ್ರ ತೆಗೆಸುತ್ತೇವೆ. ವಕೀಲರಿಂದ ಮೂಲಪತ್ರಗಳ ಪರಿಶೀಲನೆ ಮಾಡಿಸುತ್ತೇವೆ. ಖಾತೆ ಎ ವರ್ಗದ್ದೋ ಬಿ ವರ್ಗದ್ದೋ ಎಂದು ವಿಚಾರಿಸುತ್ತೇವೆ. ವಾಸ್ತು ಬಲ್ಲವರನ್ನು ಕರೆಸಿ ಈಶಾನ್ಯ ಮೂಲೆಯಲ್ಲಿ ಶೌಚಾಲಯ ಇದೆಯೇ ಎಂದು ಕೇಳುತ್ತೇವೆ. ಆದರೆ ಆ ಈಶಾನ್ಯ ಮೂಲೆಯ ಕಂಬದೊಳಗಿನ ಕಬ್ಬಿಣ ತುಕ್ಕು ಹಿಡಿದಿದೆಯೇ ಎಂದು ಹೇಳಬಲ್ಲವರನ್ನು ಕರೆಸುವುದಿಲ್ಲ. ಸೇವೆಯಲ್ಲಿದ್ದ ಅವಧಿಯಲ್ಲಿ ನೂರಾರು ಆಸ್ತಿ ಕಡತಗಳು ನನ್ನ ಮೇಜಿನ ಮೇಲೆ ಹಾದು ಹೋಗಿವೆ. ಗೇಣುದ್ದ ದಪ್ಪದ ಆ ಕಡತಗಳಲ್ಲಿ ಕಟ್ಟಡದ ಆರೋಗ್ಯವನ್ನು ಕುರಿತ ಒಂದು ಹಾಳೆಯನ್ನಾದರೂ ನಾನು ಕಂಡದ್ದಿಲ್ಲ.

ಬ್ಯಾಂಕು ಸಾಲ ಕೊಟ್ಟಿದೆ, ಅವರ ಮೌಲ್ಯಮಾಪಕರು ಬಂದು ನೋಡಿ ಹೋಗಿದ್ದಾರೆ, ಇನ್ನೇನು ಭಯ ಎಂಬ ಸಮಾಧಾನ ಬಹಳ ಮಂದಿಗಿದೆ. ಇದು ಅರ್ಧ ಸತ್ಯ. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಕೊಟ್ಟ ಸಾಲಕ್ಕೆ ಆಸ್ತಿಯ ಬೆಲೆ ಆಧಾರವಾದೀತೇ ಎಂಬುದನ್ನು. ನಾಳೆ ಸಾಲಗಾರ ಕಂತು ಕಟ್ಟದಿದ್ದರೆ ಹರಾಜಿನಲ್ಲಿ ಎಷ್ಟು ಬಂದೀತು ಎಂಬುದು ಅವರ ಪ್ರಶ್ನೆ. ಮುಂದಿನ ಮಳೆಗಾಲದಲ್ಲಿ ನಿಮ್ಮ ಮಲಗುವ ಕೋಣೆಯ ಚಾವಣಿ ತೊಟ್ಟಿಕ್ಕೀತೇ ಎಂಬುದು ಅವರ ಕೆಲಸದ ವ್ಯಾಪ್ತಿಯಲ್ಲಿ ಇಲ್ಲ. ಆ ತಪಾಸಣೆಯ ಶುಲ್ಕವನ್ನು ಭರಿಸುವವನು ಸಾಲಗಾರ, ವರದಿ ಓದುವುದು ಬ್ಯಾಂಕು.

ಪತ್ರಗಳು ಸರಿಯಿದ್ದ ಮಾತ್ರಕ್ಕೆ ಮನೆ ಸರಿಯಿರುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲ ಎಂಬುದಕ್ಕೆ ಉತ್ತರ ಬೆಂಗಳೂರಿನಲ್ಲೇ ನಿದರ್ಶನವಿದೆ. ಯಲಹಂಕದ ಕೇಂದ್ರೀಯ ವಿಹಾರ ಕೇಂದ್ರ ಸರ್ಕಾರಿ ನೌಕರರಿಗಾಗಿ ಇರುವ ಕಲ್ಯಾಣ ವಸತಿ ಸಂಸ್ಥೆಯೇ ನಿರ್ಮಿಸಿದ, ಆರುನೂರಕ್ಕೂ ಹೆಚ್ಚು ಮನೆಗಳ ಸಮುಚ್ಚಯ. ಅಲ್ಲಿ ಮನೆ ಕೊಂಡವರು ಕಾನೂನು ಮೀರಿದವರಲ್ಲ, ಕಣ್ಣುಮುಚ್ಚಿ ಕೊಂಡವರೂ ಅಲ್ಲ. ಆದರೂ 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿ ಹರಿದಾಗ ಅಲ್ಲಿನ ನೆಲಮಾಳಿಗೆ, ನೆಲ ಅಂತಸ್ತು ಜಲಾವೃತವಾದವು. ಅಂದಿನ ಮುಖ್ಯಮಂತ್ರಿಗಳು ಸ್ಥಳಕ್ಕೆ ಬಂದು ನೋಡಿದರು. 2024ರ ಅಕ್ಟೋಬರಿನಲ್ಲಿ ಅದೇ ಕಥೆ ಪುನರಾವರ್ತನೆಯಾಗಿ, ವಯೋವೃದ್ಧರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಗೋಡೆ ಗಟ್ಟಿಯಿರಬಹುದು, ಪತ್ರ ಶುದ್ಧವಿರಬಹುದು. ನೀರಿಗೆ ಪತ್ರ ಓದಲು ಬರುವುದಿಲ್ಲ. ಅದು ತಗ್ಗನ್ನು ಮಾತ್ರ ಬಲ್ಲದು.

ಇಂತಹ ಇನ್ನೂ ಎರಡು ಪ್ರಸಂಗಗಳನ್ನು ನೆನಪಿಸಬಹುದು. 2016ರ ಆಗಸ್ಟಿನಲ್ಲಿ ರಾಜಕಾಲುವೆ ಒತ್ತುವರಿ ತೆರವಿನ ಹೆಸರಿನಲ್ಲಿ ನಗರದಲ್ಲಿ ಕೆಡವಿದ ಮನೆಗಳ ಪೈಕಿ ನೋಂದಾಯಿತ ಕ್ರಯಪತ್ರ ಮತ್ತು ಬ್ಯಾಂಕ್ ಸಾಲ ಎರಡೂ ಇದ್ದ ಮನೆಗಳಿದ್ದವು. 2022ರ ಫೆಬ್ರುವರಿಯಲ್ಲಿ ಗುರುಗ್ರಾಮದ ಸೆಕ್ಟರ್ 109ರ ಬಹುಮಹಡಿ ಸಮುಚ್ಚಯವೊಂದರ ಭಾಗ ಕುಸಿದು ಇಬ್ಬರು ಮಹಿಳೆಯರು ಮೃತಪಟ್ಟರು. ಅದು ಕಟ್ಟಿ ದಶಕವೂ ಆಗಿರದ ಕಟ್ಟಡ. ಆನಂತರ ದೆಹಲಿಯ ಐಐಟಿ ನಡೆಸಿದ ಪರೀಕ್ಷೆಯಲ್ಲಿ ಕಾಂಕ್ರೀಟಿನಲ್ಲಿ ಕ್ಲೋರೈಡ್ ಅಂಶ ಇರುವುದು, ಅದರಿಂದ ಕಬ್ಬಿಣ ತುಕ್ಕು ಹಿಡಿದಿರುವುದು ಕಂಡುಬಂತು. ಈ ದೋಷವನ್ನು ಯಾವ ವಕೀಲರೂ ಯಾವ ಪತ್ರದಲ್ಲೂ ಪತ್ತೆ ಮಾಡಲಾರರು.

ಕಾನೂನು ಏನು ಹೇಳುತ್ತದೆ? 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಪ್ರಕರಣದ ಪ್ರಕಾರ, ಮಾರುವವನು ತನಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದ ಮುಖ್ಯ ದೋಷಗಳನ್ನು ತಿಳಿಸಬೇಕು. ಮುಚ್ಚಿಟ್ಟರೆ ಅದು ವಂಚನೆ. ಆದರೆ ಅಲ್ಲೊಂದು ಷರತ್ತಿದೆ. ಸಾಮಾನ್ಯ ಎಚ್ಚರಿಕೆಯಿಂದ ಕೊಳ್ಳುವವನೇ ಕಂಡುಹಿಡಿಯಬಹುದಾಗಿದ್ದ ದೋಷಕ್ಕೆ ಈ ರಕ್ಷಣೆ ಇಲ್ಲ. ಅಂದರೆ ಕಣ್ಣಿಗೆ ಕಾಣುವ ಬಿರುಕನ್ನು ನೋಡದೆ ಕೊಂಡವನ ದೂರಿಗೆ ಬಲ ಕಡಿಮೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ರೇರಾ ಇನ್ನಷ್ಟು ಭರವಸೆ ಕೊಡುತ್ತದೆ ನಿಜ. ಸ್ವಾಧೀನ ಪಡೆದ ದಿನದಿಂದ ಐದು ವರ್ಷಗಳೊಳಗೆ ರಚನಾ ದೋಷ ಕಂಡುಬಂದರೆ ನಿರ್ಮಾಪಕರು 30 ದಿನಗಳಲ್ಲಿ ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಆದರೆ 500 ಚದರ ಮೀಟರು ಮೀರದ ಜಾಗದ ಅಥವಾ ಎಂಟು ಮನೆ ಮೀರದ ಯೋಜನೆಗಳು ನೋಂದಣಿಯಿಂದಲೇ ಹೊರಗೆ. ಆರ್.ಟಿ. ನಗರ, ಯಶವಂತಪುರ, ಹೆಬ್ಬಾಳದ ಒಳರಸ್ತೆಗಳಲ್ಲಿ ಏಳುತ್ತಿರುವ ನಾಲ್ಕಂತಸ್ತಿನ ಕಟ್ಟಡಗಳಲ್ಲಿ ಬಹಳಷ್ಟು ಈ ಮಿತಿಯೊಳಗೇ ಬರುತ್ತವೆ. ಹದಿನೈದು ವರ್ಷ ಹಳೆಯ ಮನೆಯನ್ನು ಅದರ ಮಾಲೀಕರಿಂದ ಕೊಳ್ಳುವವರಿಗಂತೂ ಈ ಕಾಯ್ದೆಯಿಂದ ಪ್ರಯೋಜನವಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಸಂದರ್ಭದಲ್ಲಿ ಜಾರ್ಜ್ ಅಕರ್ಲಾಫ್ ನೆನಪಾಗುತ್ತಾರೆ. ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧ ಮುಂದೆ 2001ರ ನೊಬೆಲ್ ಪುರಸ್ಕಾರಕ್ಕೆ ಕಾರಣವಾಯಿತು. ಅದರ ಸಾರ ಸರಳವಾದದ್ದು. ವಸ್ತುವಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲಕ್ಕೂ ಸರಾಸರಿ ಬೆಲೆಯನ್ನೇ ಕೊಡುತ್ತಾನೆ. ಒಳ್ಳೆಯ ವಸ್ತುವಿನ ಒಡೆಯನಿಗೆ ಆ ಬೆಲೆ ನಷ್ಟ, ಕೆಟ್ಟದ್ದರ ಒಡೆಯನಿಗೆ ಲಾಭ. ಕಾಲಕ್ರಮೇಣ ಒಳ್ಳೆಯವು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತವೆ. ನಮ್ಮಲ್ಲಿ ಆಗುತ್ತಿರುವುದು ಇದೇ. ವರ್ಷವರ್ಷವೂ ತಾರಸಿ ದುರಸ್ತಿ ಮಾಡಿಸಿ, ಕೊಳವೆ ಬದಲಿಸಿ, ಭೂಸಂಪರ್ಕ ಪರೀಕ್ಷಿಸಿಕೊಂಡ ಮನೆಗೂ, ಮಾರುವ ಮುನ್ನ ಬಣ್ಣ ಬಳಿಸಿದ್ದನ್ನು ಬಿಟ್ಟು ಇನ್ನೇನನ್ನೂ ಮಾಡದ ಮನೆಗೂ ಒಂದೇ ರಸ್ತೆಯಲ್ಲಿ ಚದರಡಿಗೆ ಒಂದೇ ಬೆಲೆ. ಹೀಗಿರುವಾಗ ಮನೆಯನ್ನು ಜೋಪಾನ ಮಾಡುವುದು ಏತಕ್ಕೆ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ.

ಇದಕ್ಕೊಂದು ಆಕ್ಷೇಪ ಕೇಳಿಬರುತ್ತದೆ. ಬೆಂಗಳೂರಿನಲ್ಲಿ ಬೆಲೆ ನಿವೇಶನಕ್ಕೆ, ಮನೆಗಲ್ಲ. ಹೇಗೂ ಕೆಡವಿ ಕಟ್ಟುವವರಿಗೆ ಗೋಡೆಯ ಪರೀಕ್ಷೆ ಏಕೆ ಎಂಬುದು ಆ ವಾದ. ಹಳೆಯ ಬಡಾವಣೆಗಳ ಮಟ್ಟಿಗೆ ಇದರಲ್ಲಿ ಹುರುಳಿದೆ. ಆದರೆ ಕೊಂಡ ಮೇಲೆ ಕೆಡವಿ ಕಟ್ಟುವ ಶಕ್ತಿ ಎಷ್ಟು ಜನರಿಗಿದೆ? ಕೊಂಡ ಮನೆಯಲ್ಲೇ ಉಳಿದ ಬದುಕು ಕಳೆಯುವವರೇ ಹೆಚ್ಚು. ಇನ್ನು ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಳ್ಳುವವನಿಗೆ ಸಿಗುವ ನೆಲ ಅವಿಭಜಿತ ಹಕ್ಕಿನ ಕೆಲವು ಚದರಡಿ ಮಾತ್ರ. ಅವನು ನಿಜವಾಗಿ ಕೊಳ್ಳುತ್ತಿರುವುದು ಕಾಂಕ್ರೀಟನ್ನು. ಅದು ಕೆಟ್ಟರೆ ಅವನೊಬ್ಬನೇ ಕೆಡವಲೂ ಆಗದು, ಕಟ್ಟಲೂ ಆಗದು.

ಉತ್ತರ ಬೆಂಗಳೂರಿನಲ್ಲಿ ಮನೆ ಕೊಳ್ಳುವವರು ಪರೀಕ್ಷೆಯನ್ನು ಮನೆಯಿಂದ ಹೊರಗೇ ಆರಂಭಿಸಬೇಕು. ಈ ಭಾಗ ಕೆರೆಗಳ ಸರಣಿ. ಯಲಹಂಕ, ಅಳ್ಳಾಳಸಂದ್ರ, ಜಕ್ಕೂರು, ರಾಚೇನಹಳ್ಳಿ, ಹೆಬ್ಬಾಳ, ನಾಗವಾರ ಎಲ್ಲವೂ ಒಂದಕ್ಕೊಂದು ಕಾಲುವೆಗಳಿಂದ ಹೆಣೆದುಕೊಂಡಿದ್ದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲಿ ಬಡಾವಣೆಗಳು ಎದ್ದ ವೇಗಕ್ಕೆ ಈ ಕಾಲುವೆಗಳ ಪೈಕಿ ಹಲವು ಕಣ್ಮರೆಯಾದವು. ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಯಲ್ಲಿ ಅವು ಇಂದಿಗೂ ಇವೆ. ಸರ್ಕಾರದ ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲೇ ದೊರೆಯುತ್ತದೆ. ಇದನ್ನು ಗ್ರಾಮ ನಕ್ಷೆಯೊಡನೆ ಹೋಲಿಸಿ ನೋಡಲು ಒಂದು ಮಧ್ಯಾಹ್ನ ಸಾಕು. ಕಾಲುವೆಯಿಂದ ಎಷ್ಟು ದೂರ ಬಿಡಬೇಕೆಂಬ ನಿಯಮವೂ ಸ್ಥಿರವಾಗಿರಲಿಲ್ಲ. 2016ರಲ್ಲಿ ಹಸಿರು ನ್ಯಾಯಮಂಡಳಿ ಆ ಅಂತರವನ್ನು ಹೆಚ್ಚಿಸಿತು, 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದುಪಡಿಸಿತು. ಇಂತಹ ಕಡೆ ಅಕ್ಕಪಕ್ಕದ ಮನೆಯವರನ್ನು ‘ಮಳೆ ಬಂದಾಗ ನೀರು ಎಲ್ಲಿಯವರೆಗೆ ಬರುತ್ತದೆ’ ಎಂದು ಕೇಳುವುದೂ ಒಂದು ಪರೀಕ್ಷೆಯೇ.

ಎರಡನೆಯದು ಕಟ್ಟಡದ ಮೈಕಟ್ಟು. ಯಲಹಂಕ ಉಪನಗರದಲ್ಲಿ ಗೃಹ ಮಂಡಳಿ ಕಟ್ಟಿಕೊಟ್ಟ ಚಿಕ್ಕ ಮನೆಗಳ ಮೇಲೆ, ಆರ್.ಟಿ. ನಗರದ ಹಳೆಯ ಮನೆಗಳ ಮೇಲೆ ಮಕ್ಕಳು ದೊಡ್ಡವರಾದಂತೆ ಒಂದೊಂದೇ ಅಂತಸ್ತು ಏರಿದೆ. ಸೈಜುಗಲ್ಲಿನ ತಳಪಾಯ, ಭಾರ ಹೊರುವ ಇಟ್ಟಿಗೆ ಗೋಡೆ ಮೊದಲು ಎಷ್ಟು ಅಂತಸ್ತಿಗೆಂದು ಹಾಕಿದ್ದು, ಈಗ ಎಷ್ಟನ್ನು ಹೊತ್ತಿದೆ ಎಂಬುದು ಮುಖ್ಯ ಪ್ರಶ್ನೆ. ತಾರಸಿಯ ಮೇಲೆ ಸಾವಿರ ಲೀಟರಿನ ಒಂದು ತೊಟ್ಟಿ ಎಂದರೆ ಒಂದು ಟನ್ ಭಾರ ಎಂಬುದನ್ನು ನಾವು ಮರೆಯುತ್ತೇವೆ. ಕೋಣೆ ಅಗಲಿಸಲು ಗೋಡೆ ತೆಗೆದಿದ್ದರೆ ಅದು ಬರಿಯ ಅಡ್ಡಗೋಡೆಯೋ ಭಾರ ಹೊರುವ ಗೋಡೆಯೋ ತಿಳಿಯಬೇಕು. ಗಾರೆಯ ಮೇಲಿನ ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಸಾಗುವ ಬಿರುಕು, ಕಂಬದ ಉದ್ದಕ್ಕೂ ಇಳಿಯುವ ಬಿರುಕು ಬೇರೆ ಜಾತಿಯವು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಸಜ್ಜೆ, ಬಾಲ್ಕನಿಗಳ ಅಡಿಯಲ್ಲಿ ಚಕ್ಕೆ ಉದುರುವುದು ಅದರ ಮೊದಲ ಸೂಚನೆ. ನಗರದ ಸುತ್ತ ಕೆರೆ ಅಂಗಳದ, ಹೊಲದ ಮಣ್ಣನ್ನು ತೊಳೆದು ‘ಫಿಲ್ಟರ್ ಮರಳು’ ಎಂದು ಮಾರುವ ಅಕ್ರಮ ದಂಧೆ ಬಹಳ ವರ್ಷ ನಡೆಯಿತು. ಜೇಡಿ ಬೆರೆತ ಆ ಮರಳಿನ ಗಾರೆ ಉಗುರಿಗೂ ಉದುರುತ್ತದೆ. ಕಾಂಕ್ರೀಟಿನ ಗಟ್ಟಿತನವನ್ನು ಒಡೆಯದೆಯೇ ಅಳೆಯುವ ರಿಬೌಂಡ್ ಹ್ಯಾಮರ್, ಶ್ರವಣಾತೀತ ತರಂಗದ ಪರೀಕ್ಷೆಗಳು ಇಂದು ನಗರದಲ್ಲಿ ಸುಲಭವಾಗಿ ಲಭ್ಯವಿವೆ.

ಮೂರನೆಯದು ನೀರು ಮತ್ತು ವಿದ್ಯುತ್ತು. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಮನೆ ನೋಡಲು ಹೋಗುವುದು ಸಾಮಾನ್ಯವಾಗಿ ಸಂಕ್ರಾಂತಿಯ ನಂತರ. ಫೆಬ್ರುವರಿಯ ಬಿಸಿಲಿಗೆ ಒಣಗಿ, ಹೊಸ ಬಣ್ಣ ಬಳಿದುಕೊಂಡ ಗೋಡೆ ತನ್ನ ರೋಗವನ್ನು ಹೇಳುವುದಿಲ್ಲ. ತೇವಾಂಶ ಮಾಪಕವೂ ಉಷ್ಣಚಿತ್ರ ತೆಗೆಯುವ ಕ್ಯಾಮೆರಾವೂ ಅದನ್ನು ಹೇಳಬಲ್ಲವು. ನೆಲದಡಿಯ ಸಂಪು ಸೋರಿ ತಳಪಾಯವನ್ನು ನೆನೆಸುತ್ತಿದೆಯೇ, ಭೂಸಂಪರ್ಕ ಜೀವಂತವಾಗಿದೆಯೇ, ಸೋರಿಕೆಯ ವಿದ್ಯುತ್ತನ್ನು ತಡೆಯುವ ಸ್ವಿಚ್ಚು ಇದೆಯೇ ಎಂದು ನೋಡಬೇಕು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ನಗರ ಅನುಭವಿಸಿದ ಪಾಡು ಇನ್ನೂ ಹಸಿಯಾಗಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದೆ. ಆದರೆ ‘ಕಾವೇರಿ ಬರುತ್ತದೆ’ ಎನ್ನುವುದಕ್ಕೂ ನಲ್ಲಿಯಲ್ಲಿ ಬರುತ್ತಿರುವುದಕ್ಕೂ ಅಂತರವಿದೆ; ನೀರಿನ ರಸೀದಿ ಕೇಳುವುದು ಅವಿಶ್ವಾಸವಲ್ಲ.

ಇಷ್ಟಾದರೂ ತಪಾಸಣೆ ಏಕೆ ನಮ್ಮಲ್ಲಿ ರೂಢಿಗೆ ಬಂದಿಲ್ಲ? ಖರ್ಚು ಕಾರಣವಲ್ಲ. ಕೋಟಿ ರೂಪಾಯಿಯ ಮನೆಗೆ ಶೇ 5ರ ಮುದ್ರಾಂಕ ಶುಲ್ಕ, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಏಳು ಲಕ್ಷ ರೂಪಾಯಿ. ಸೆಸ್ಸು, ಮಧ್ಯವರ್ತಿಯ ದಲ್ಲಾಳಿ ಬೇರೆ. ಎಂಜಿನಿಯರರ ಒಂದು ದಿನದ ಸಂಭಾವನೆ ಇದರ ಮುಂದೆ ಗಣನೆಗೆ ಬಾರದ್ದು. ನಿಜವಾದ ಕಾರಣ ಬೇರೆಯೇ ಇದೆ. ತಪಾಸಣೆಗೆ ಬಂದವರು ಬಿರುಕನ್ನಷ್ಟೇ ನೋಡುವುದಿಲ್ಲ. ಮಂಜೂರಾದ ನಕ್ಷೆಯೊಡನೆ ಕಟ್ಟಡವನ್ನೂ ಹೋಲಿಸುತ್ತಾರೆ. ನಕ್ಷೆಯಲ್ಲಿ ಇಲ್ಲದ ಮೂರನೆಯ ಅಂತಸ್ತು, ಬಿಡಬೇಕಾಗಿದ್ದ ಜಾಗವನ್ನು ನುಂಗಿದ ಮೆಟ್ಟಿಲು ಹೊರಬೀಳುತ್ತವೆ. ಇಂತಹ ಉಲ್ಲಂಘನೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಉಲ್ಲಂಘನೆಗಳು ನಿಲ್ಲಲಿಲ್ಲ, ಅವನ್ನು ಕುರಿತ ಮೌನ ಗಟ್ಟಿಯಾಯಿತು. ಬೆಲೆಯ ಒಂದು ಭಾಗವನ್ನು ನಗದಿನಲ್ಲಿ ಕೊಡುವ ಅಭ್ಯಾಸವೂ ಈ ಮೌನಕ್ಕೆ ಸೇರಿದೆ. ಪತ್ರದಲ್ಲಿ ಅರ್ಧ ಬೆಲೆ ಬರೆಸಿದವನು ನಾಳೆ ದೋಷಕ್ಕೆ ಪರಿಹಾರ ಕೇಳಲು ಯಾವ ಮುಖ ಹೊತ್ತು ನ್ಯಾಯಾಲಯಕ್ಕೆ ಹೋದಾನು?

ಈ ಮೌನದ ಬೆಲೆ ಜೀವಗಳಲ್ಲೂ ತೆರಬೇಕಾಗುತ್ತದೆ. 1983ರಲ್ಲಿ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ನನ್ನ ವಯಸ್ಸಿನವರು ಮರೆತಿಲ್ಲ. 2019ರ ಮಾರ್ಚಿನಲ್ಲಿ ಧಾರವಾಡ, 2021ರಲ್ಲಿ ಲಕ್ಕಸಂದ್ರ ಮತ್ತು ಕಸ್ತೂರಿನಗರ, 2024ರ ಅಕ್ಟೋಬರಿನಲ್ಲಿ ಹೆಣ್ಣೂರು ಸಮೀಪದ ಬಾಬುಸಾಪಾಳ್ಯ. ಪ್ರತಿ ಕುಸಿತದ ನಂತರವೂ ಶಿಥಿಲ ಕಟ್ಟಡಗಳ ಸಮೀಕ್ಷೆಯ ಮಾತು ಬರುತ್ತದೆ, ಕೆಲವು ತಿಂಗಳಲ್ಲಿ ಅದು ಕಡತ ಸೇರುತ್ತದೆ.

ಬೇರೆಡೆ ಏನಾಗಿದೆ ಎಂದು ನೋಡುವುದು ಉಪಯುಕ್ತ. ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರಿನಿಂದ ಮನೆ ಮಾರುವವನೇ ಅರ್ಹ ತಜ್ಞರಿಂದ ಮನೆಯ ಸ್ಥಿತಿಯ ವರದಿ ಮಾಡಿಸಿ, ಕೊಳ್ಳಬಯಸುವವರಿಗೆ ಕೊಡಬೇಕು. ಡೆನ್ಮಾರ್ಕಿನಲ್ಲಿ 1996ರಿಂದ, ಇಂತಹ ವರದಿ ಮತ್ತು ವಿಮೆಯ ಏರ್ಪಾಡು ಮಾಡಿದ ಮಾರಾಟಗಾರ ಆಮೇಲಿನ ದೋಷಗಳ ಹೊಣೆಯಿಂದ ಬಹುಮಟ್ಟಿಗೆ ಮುಕ್ತನಾಗುತ್ತಾನೆ. ಇಂಗ್ಲೆಂಡಿನ ಅನುಭವ ತದ್ವಿರುದ್ಧ. ಅಲ್ಲಿ 2007ರಲ್ಲಿ ಪತ್ರಗಳ ಕಟ್ಟನ್ನು ಕಡ್ಡಾಯಗೊಳಿಸಿ, ಮನೆಯ ಸ್ಥಿತಿಯ ವರದಿಯನ್ನು ಮಾತ್ರ ಐಚ್ಛಿಕವಾಗಿಸಿದರು. 2010ರಲ್ಲಿ ಇಡೀ ವ್ಯವಸ್ಥೆಯನ್ನೇ ಕೈಬಿಟ್ಟರು. ತಿರುಳಿಲ್ಲದ ಸಿಪ್ಪೆ ಯಾರಿಗೂ ಬೇಡವಾಯಿತು. ನಮ್ಮ ನೆರೆಯ ಮುಂಬೈಯಲ್ಲಿ ಮೂವತ್ತು ವರ್ಷ ಮೀರಿದ ಕಟ್ಟಡಗಳಿಗೆ ನೋಂದಾಯಿತ ರಚನಾ ಎಂಜಿನಿಯರರ ಪರೀಕ್ಷೆ ಪಾಲಿಕೆ ಕಾಯ್ದೆಯಲ್ಲೇ ಸೇರಿದೆ. ಕರ್ನಾಟಕದಲ್ಲಿ 2012ರ ಕಾಯ್ದೆಯಂತೆ ಲಿಫ್ಟಿನ ನಿಯಮಿತ ತಪಾಸಣೆ ಕಡ್ಡಾಯ. ಲಿಫ್ಟನ್ನು ಹೊತ್ತು ನಿಂತ ಕಟ್ಟಡಕ್ಕೆ ಅಂತಹ ನಿಯಮವಿಲ್ಲ ಎಂಬುದು ನಮ್ಮ ಆಡಳಿತದ ವೈಚಿತ್ರ್ಯ.

ಸರ್ಕಾರ ಮಾಡಬಹುದಾದ ಕೆಲಸಗಳು ಕಷ್ಟದವೇನಲ್ಲ. ಒಂದು, ಕ್ರಯದ ಕರಾರಿಗೆ ಎರಡು ಪುಟಗಳ ಸ್ಥಿತಿ ಘೋಷಣೆಯನ್ನು ಲಗತ್ತಿಸುವ ನಮೂನೆ ರೂಪಿಸುವುದು: ಕಟ್ಟಿದ ವರ್ಷ, ಸೇರಿಸಿದ ಅಂತಸ್ತು, ಸೋರಿಕೆ, ನೀರು ನುಗ್ಗಿದ ಇತಿಹಾಸ, ಮಾಡಿಸಿದ ದುರಸ್ತಿ. ಎರಡು, ತಪಾಸಕರ ನೋಂದಣಿ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ, ಯೋಜನೆಗಳಲ್ಲಿ ಮನೆ ಮಾರಿಸುವ ದಲ್ಲಾಳಿಗಳಿಗೆ ರೇರಾ ನೋಂದಣಿ ಇದೆ. ಮನೆಯನ್ನು ಪರೀಕ್ಷಿಸುವವರಿಗೆ ಯಾವುದೂ ಇಲ್ಲ. ಪರೀಕ್ಷಿಸಿದವರೇ ದುರಸ್ತಿಯ ಗುತ್ತಿಗೆ ಹಿಡಿಯಬಾರದೆಂಬ ನಿಯಮವೂ ಜೊತೆಗಿರಬೇಕು. ಇಲ್ಲವಾದರೆ ಪ್ರತಿ ತೇವದ ಕಲೆಯೂ ಜಲನಿರೋಧಕ ಲೇಪನದ ಜಾಹೀರಾತಾಗುತ್ತದೆ. ಮೂರು, ಶುಲ್ಕ ತೆತ್ತ ಸಾಲಗಾರನಿಗೆ ಬ್ಯಾಂಕುಗಳು ಮೌಲ್ಯಮಾಪನ ವರದಿಯ ಪ್ರತಿ ಕೊಡುವುದು. ನಾಲ್ಕು, ಮೂವತ್ತು ವರ್ಷ ಮೀರಿದ ಬಹುಮಹಡಿ ಕಟ್ಟಡಗಳ ಕಡ್ಡಾಯ ಪರೀಕ್ಷೆ. ಸ್ವಾಧೀನಾನುಭವ ಪತ್ರ ನೋಡದೆ ಬ್ಯಾಂಕುಗಳು ಸಾಲ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿರುವಾಗ, ಮುಂದಿನ ಹೆಜ್ಜೆ ಇದೇ ಆಗಬೇಕು. 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ಬಂದ ಮೇಲೆ, ಉತ್ತರ ಪಾಲಿಕೆಯೇ ಇದನ್ನು ಮೊದಲು ಆರಂಭಿಸಿ ಮೇಲ್ಪಂಕ್ತಿ ಹಾಕಬಹುದು.

ಅಲ್ಲಿಯವರೆಗೆ ನಾಗರಿಕರು ಕೈಕಟ್ಟಿ ಕೂರಬೇಕಿಲ್ಲ. ಮುಂಗಡ ಕೊಡುವ ಮುನ್ನ ಕರಾರಿನಲ್ಲಿ ಒಂದು ವಾಕ್ಯ ಸೇರಿಸಲು ಯಾವ ಕಾನೂನೂ ಬೇಕಿಲ್ಲ: ಹದಿನೈದು ದಿನಗಳಲ್ಲಿ ಕೊಳ್ಳುವವರ ಎಂಜಿನಿಯರು ಮನೆಯನ್ನು ಪರೀಕ್ಷಿಸತಕ್ಕದ್ದು, ಗಂಭೀರ ದೋಷ ಕಂಡುಬಂದಲ್ಲಿ ಬೆಲೆಯನ್ನು ಮರುಪರಿಶೀಲಿಸತಕ್ಕದ್ದು ಅಥವಾ ಮುಂಗಡ ಹಿಂದಿರುಗಿಸತಕ್ಕದ್ದು. ಇದಕ್ಕೆ ಒಪ್ಪದ ಮಾರಾಟಗಾರ, ಒಪ್ಪದಿರುವ ಮೂಲಕವೇ ಬಹಳಷ್ಟನ್ನು ತಿಳಿಸಿದಂತಾಗುತ್ತದೆ. ಮಾರುವವರಿಗೂ ಇದರಲ್ಲಿ ಹಿತವಿದೆ. ಮಕ್ಕಳು ಪರದೇಶದಲ್ಲಿದ್ದು, ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋಗಬಯಸುವ ವೃದ್ಧ ದಂಪತಿಗಳು ನಮ್ಮ ಬಡಾವಣೆಗಳಲ್ಲಿ ಹೆಚ್ಚುತ್ತಿದ್ದಾರೆ. ತಾವೇ ವರದಿ ಮಾಡಿಸಿ ಮುಂದಿಟ್ಟರೆ ಅವರ ಜೋಪಾನಕ್ಕೆ ಬೆಲೆ ಸಿಗುತ್ತದೆ. ಮುಚ್ಚಿಟ್ಟರೆಂಬ ಆರೋಪ ಎಪ್ಪತ್ತರ ವಯಸ್ಸಿನಲ್ಲಿ ಬೆನ್ನು ಹತ್ತುವುದಿಲ್ಲ.

ಗೃಹಪ್ರವೇಶದ ದಿನ ಹಾಲು ಉಕ್ಕಿಸುವುದು ನಮ್ಮ ಸಂಪ್ರದಾಯ. ಆ ಮನೆಯ ಚಾವಣಿಯಡಿ ಮಲಗುವ ಮೊಮ್ಮಕ್ಕಳ ಮೇಲೆ ನಮಗಿರುವ ಅಕ್ಕರೆ, ಹಾಲು ಉಕ್ಕಿಸುವುದಕ್ಕೆ ಮೊದಲು ಆ ಚಾವಣಿಯನ್ನೊಮ್ಮೆ ತಟ್ಟಿ ನೋಡುವುದನ್ನೂ ಸಂಪ್ರದಾಯವಾಗಿಸಬೇಕು.